ಮಂಗಳವಾರದ ಮುಖ

ನಾನು ಹಮಾದಾ ಬಂದರಿನ ಕ್ಷೌರದಂಗಡಿಗೆ ಸೊಸೆಯಾಗಿ ಬಂದು ಎರಡು ದಿನವಾಗಿತ್ತು. ಅವತ್ತು ಸೋಮವಾರ, ಅಂಗಡಿಗೆ ರಜೆ. ನಮ್ಮತ್ತೆ ಕಿನು ಒಲೆಯ ಮುಂದೆ ಕೂತು ಹೇಳಿದರು: “ನಾಳೆ ಮುಖ ಬರುತ್ತೆ. ನೀರು ಎರಡರಷ್ಟು ಕಾಯಿಸ್ಬೇಕು.”

“ಯಾರ ಮುಖ ಅತ್ತೆ?”

“ಮುಖ ಅಂದ್ರೆ ಮುಖ ಕಣೇ. ನಾಳೆ ನೋಡ್ತೀಯಲ್ಲ.”

ನಾನು ಬೆಟ್ಟದ ಹಳ್ಳಿಯವಳು. ಹೆಸರಿಗೆ ಶಾಲೆ ಮುಗಿಸಿದ್ದರೂ ಪುಸ್ತಕ ಹಿಡಿದದ್ದಕ್ಕಿಂತ ತಮ್ಮಂದಿರನ್ನು ಬೆನ್ನಿಗೆ ಕಟ್ಟಿಕೊಂಡು ತಿರುಗಿದ್ದೇ ಹೆಚ್ಚು. ದೊಡ್ಡ ಬಂದರಿನಲ್ಲಿ ಮುಖಗಳು ಒಂಟಿಯಾಗಿಯೂ ಬರುತ್ತವೇನೋ ಎಂದು ರಾತ್ರಿಯೆಲ್ಲ ಯೋಚಿಸಿದೆ. ನಗಬೇಡಿ, ಆಗ ನನಗೆ ಇಪ್ಪತ್ತೊಂದು.

ಮಾರನೆಯ ದಿನ ಬಾಗಿಲು ತೆರೆದದ್ದೇ ತಡ, ಒಬ್ಬರು ಒಳಗೆ ಬಂದರು. ನಮ್ಮ ಅಂಗಡಿಯಿಂದ ಐದನೇ ಕಟ್ಟಡ ಐಸ್ ಕಾರ್ಖಾನೆ. ದೋಣಿಗಳಿಗೆ ಹಾಕುವ ಮಂಜುಗಡ್ಡೆಯನ್ನು ಗರಗಸದಿಂದ ಕೊಯ್ದು ಜಾರುಹಲಗೆಗೆ ತಳ್ಳುವ ಕೆಲಸ ಅವರದು. ಹೆಸರು ಉಶಿಯೊ ತಾಮೊತ್ಸು, ಮರ್ಯಾದೆಗೆ ಉಶಿಯೊ-ಸಾನ್. ನಲವತ್ತೈದು ವಯಸ್ಸು, ಕುಳ್ಳಗಿನ ಆಳು, ಎತ್ತಿನ ಕತ್ತು. ಕೆನ್ನೆಯ ಚರ್ಮ ಚಳಿಗೆ ಬೆಂದು ಒಣ ಮೀನಿನ ಬಣ್ಣಕ್ಕೆ ತಿರುಗಿತ್ತು. ಗಡ್ಡ ಗಡ್ಡವಲ್ಲ, ತಂತಿ. ಗಂಟಲ ಮೇಲಂತೂ ಕೂದಲು ನೀರಿನ ಸುಳಿಯ ಹಾಗೆ ಸುತ್ತಿಕೊಂಡು ಬೆಳೆದಿತ್ತು. ಯಾವ ಕಡೆಯಿಂದ ಕತ್ತಿ ಇಟ್ಟರೂ ಅದು ಎದುರು ದಿಕ್ಕೇ.

ನಮ್ಮ ಮಾವನ ಕಾಲದಿಂದ ಆ ಅಂಗಡಿಯಲ್ಲಿ ಯಾರೇ ಕ್ಷೌರ ಕಲಿತರೂ ಕತ್ತಿ ಹಿಡಿದದ್ದು ಆ ಮುಖದ ಮೇಲೆಯೇ. ನಮ್ಮ ಯಜಮಾನರು ಯೋಕಿಚಿ ಕೂಡ. ಉಶಿಯೊ-ಸಾನ್ ಕುರ್ಚಿಗೆ ಒರಗಿ, ಮುಖದ ಮೇಲೆ ಬಿಸಿಬಟ್ಟೆ ಬಿದ್ದೊಡನೆ ನಿದ್ದೆಗೆ ಜಾರುತ್ತಿದ್ದರು. ಗೊರಕೆ ಶುರುವಾಗುತ್ತಿತ್ತು. ಆ ಗೊರಕೆ ನಿಲ್ಲದ ಹಾಗೆ ಆ ಸುಳಿಯನ್ನು ನುಣ್ಣಗೆ ಮಾಡಿದವನಿಗೆ ಮಾತ್ರ ಮಾವ ಬೇರೆ ಗಿರಾಕಿಯನ್ನು ಮುಟ್ಟಲು ಬಿಡುತ್ತಿದ್ದರಂತೆ. ಆ ಬಂದರಿನಲ್ಲಿ ಗಿರಾಕಿ ಕುರ್ಚಿಯಲ್ಲಿ ನಿದ್ದೆಹೋದರೆ ಕ್ಷೌರಿಕನಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. “ಹದಿನಾರಕ್ಕೇ ನಾನು ಅವರನ್ನ ಒಂದ್ಸಲಾನೂ ಎಬ್ಬಿಸಲಿಲ್ಲ, ಗೊತ್ತಾ?” ಎಂದು ನಮ್ಮ ಯಜಮಾನರು ಮದುವೆಯಾದ ವಾರದಲ್ಲೇ ಮೂರು ಸಲ ಹೇಳಿದ್ದರು.

ನನಗೆ ಮೊದಲು ಕೊಟ್ಟ ಕೆಲಸ ನೊರೆ ಕಲೆಸುವುದು. ಬಟ್ಟಲಿಗೆ ಸೋಪಿನ ಪುಡಿ ಹಾಕಿ, ಬಿಸಿನೀರು ಬಿಟ್ಟು, ಬ್ರಷ್ಷಿನಿಂದ ಗರಗರ ತಿರುಗಿಸಬೇಕು. ಅವತ್ತು ಉಶಿಯೊ-ಸಾನ್ ಬಟ್ಟೆ ಸರಿಸಿ ಒಂದು ಕಣ್ಣಲ್ಲಿ ಬಟ್ಟಲು ನೋಡಿದರು.

“ಏನಮ್ಮಾ ಸೊಸೆಮ್ಮಾ, ಇದು ಸಮುದ್ರದ ನೊರೆ. ಕಾರ್ಖಾನೆ ಹಿಂದೇನೇ ಬೇಕಾದಷ್ಟಿದೆ, ಪುಕ್ಕಟೆ. ನಂಗೆ ಬೇಕಾಗಿರೋದು ತೋಫು. ಬ್ರಷ್ಷು ನೆಟ್ರೆ ನಿಲ್ಬೇಕು.”

“ಬಂದು ಮೂರು ದಿನ ಆಗಿದೆ, ಬಿಡಪ್ಪಾ ತಾಮೊತ್ಸು,” ಎಂದರು ಅತ್ತೆ.

“ಮೂರು ದಿನದ ಗಡ್ಡ ಗೊತ್ತು ನಂಗೆ, ಮೂರು ದಿನದ ನೊರೆ ಗೊತ್ತಿಲ್ಲ. ಕಿನು-ಸಾನ್, ಕತ್ತಿ ಮಾಡೋದು ಅರ್ಧ ಕೆಲಸ. ಇನ್ನರ್ಧ ಬ್ರಷ್ಷಿಂದು. ನಿಮ್ಮ ಗಂಡ ಹೇಳ್ತಿದ್ದ ಮಾತು ಇದು, ಮರೆತ್ರಾ?”

“ನನ್ನ ಗಂಡ ನೀನು ಬಾಯಿ ಮುಚ್ಕೊಂಡಿರು ಅಂತಾನೂ ಹೇಳ್ತಿದ್ರು.”

ಕೈ ಬಿದ್ದುಹೋಗುವ ತನಕ ತಿರುಗಿಸಿದೆ. ನೊರೆ ಬಿಗಿಯಾಯಿತು. ಬ್ರಷ್ಷು ನಿಂತಿತು. ಅದನ್ನು ಕೆನ್ನೆಗೆ ಹಚ್ಚಿ ಸುತ್ತ ಉಜ್ಜುವಾಗ ಆ ಮನುಷ್ಯನ ಎದೆಯಿಂದ ಒಂದು ಸದ್ದು ಬಂತು. ಇಡೀ ದಿನ ಐಸಿನ ಮೇಲೆ ನಿಂತವನು ಬಿಸಿನೀರಿನ ತೊಟ್ಟಿಗೆ ಇಳಿದಾಗ ಮಾಡುವ ಸದ್ದು. ಹೊಟ್ಟೆ ತುಂಬಿದವರೂ ಹಾಗೆ ಮಾಡಿದ್ದನ್ನು ನಾನು ಕೇಳಿಲ್ಲ. ಆಮೇಲೆ ಗೊರಕೆ.

ಪ್ರತಿ ಸೋಮವಾರ ನಮ್ಮ ಯಜಮಾನರು ಕತ್ತಿಗಳನ್ನೆಲ್ಲ ಸಾಣೆಕಲ್ಲಿಗೆ ಕೊಡುತ್ತಿದ್ದರು. ಹೊಸ ಮೊನೆ ಮೊದಲು ಬೀಳುವುದು ಮಂಗಳವಾರದ ಮುಖಕ್ಕೆ. ಅದಕ್ಕೇ ಅವರು ಮಂಗಳವಾರವೇ ಬರುತ್ತಿದ್ದರು. ಬೇಸಿಗೆಯಲ್ಲಿ ಬರುವಾಗ ಒಡೆದ ಐಸಿನ ತುಂಡೊಂದನ್ನು ಹುಲ್ಲುಹಗ್ಗಕ್ಕೆ ಕಟ್ಟಿ ತೂಗಿಸಿಕೊಂಡು ತಂದು ಅತ್ತೆಯ ಕೈಗೆ ಕೊಡುತ್ತಿದ್ದರು.

ಮದುವೆಯಾದ ಆರನೇ ವರ್ಷ ನಮ್ಮ ಯಜಮಾನರ ಬಲಗೈ ಜೋಮು ಹಿಡಿಯತೊಡಗಿತು. ಮೊದಲು ಕಿರುಬೆರಳು, ಆಮೇಲೆ ಅರ್ಧ ಅಂಗೈ. ಕತ್ತರಿ ಹೇಗೋ ನಡೆಯುತ್ತಿತ್ತು. ಕ್ಷೌರದ ಕತ್ತಿ ಹಿಡಿಯುವ ಹಾಗಿರಲಿಲ್ಲ. ವೈದ್ಯರು ಕೈ ತಿರುಗಿಸಿ ತಿರುಗಿಸಿ ನೋಡಿ, ಇದು ವಾಪಸು ಬರುವುದಲ್ಲ, ಕತ್ತರಿಯೂ ಇನ್ನು ನಾಲ್ಕೈದು ವರ್ಷ ಎಂದರು. ಮನೆಯಲ್ಲಿ ಬೇರೆ ಯಾರಿಗೂ ಪರವಾನಗಿ ಇಲ್ಲ. ಪರವಾನಗಿ ಇಲ್ಲದೆ ಅಂಗಡಿ ತೆರೆಯುವಂತಿಲ್ಲ. ಎದುರು ಸಾಲಿನ ಮೀನು ವ್ಯಾಪಾರಿ ಆಗಲೇ ಎರಡು ಸಲ ಬಂದು ಗೋಡೆಯಿಂದ ಗೋಡೆಗೆ ಹೆಜ್ಜೆ ಹಾಕಿ ಅಳೆದು ಹೋಗಿದ್ದ.

ಪರೀಕ್ಷೆಗೆ ಕಟ್ಟುತ್ತೇನೆ ಎಂದೆ. ಎರಡು ವರ್ಷ ಅಂಚೆಯಲ್ಲಿ ಬರುವ ಪಾಠ. ಮುಖದ ಎಲುಬು, ನರ, ಚರ್ಮದ ಪದರ, ಎಲ್ಲದಕ್ಕೂ ನಾನು ಕಂಡು ಕೇಳದ, ಚಿತ್ರದಂಥ ಅಕ್ಷರಗಳು. ನಮ್ಮ ಯಜಮಾನರು ಓದಿ ಹೇಳುವರು, ನಾನು ಅದನ್ನು ಗಿಡ, ಮೀನು, ಕೊಡಲಿ ಎಂದು ಚಿತ್ರ ಬರೆದು ನೆನಪಿಡುವೆ. ಬರಹದ ಪರೀಕ್ಷೆ ಎರಡನೇ ಸಲಕ್ಕೆ ದಾಟಿತು. ಆಮೇಲೆ ಯಜಮಾನರ ಕೈಕೆಳಗೆ ಅಂಗಡಿಯಲ್ಲೇ ಒಂದು ವರ್ಷ ಕೆಲಸ, ಮೊದಲು ಮಂಗಳವಾರದ ಮುಖ, ಆಮೇಲೆ ಉಳಿದವರು. ಕೊನೆಗೆ ಉಳಿದದ್ದು ಕೈಪರೀಕ್ಷೆ: ಮಾತ್ಸುಯೆ ನಗರಕ್ಕೆ ಹೋಗಿ, ಜೊತೆಯಲ್ಲಿ ಕರೆದುಕೊಂಡು ಹೋದವರ ಗಡ್ಡವನ್ನು ಪರೀಕ್ಷಕರ ಮುಂದೆ ತೆಗೆಯಬೇಕು. ಒಂದು ಹನಿ ರಕ್ತ ಕಂಡರೆ ಮುಗಿಯಿತು, ಮತ್ತೆ ಮುಂದಿನ ವರ್ಷ. ಅಲ್ಲಿಯ ತನಕ ಯಜಮಾನರ ಕೈ ಉಳಿಯುವುದಿಲ್ಲ ಎಂಬುದು ನಮಗೆಲ್ಲ ಗೊತ್ತಿತ್ತು.

ಅಷ್ಟರಲ್ಲಿ ಒಂದು ತಪ್ಪು ಮಾಡಿದೆ. ಪರೀಕ್ಷೆಗೆ ಎರಡು ತಿಂಗಳಿರುವಾಗ ಅಂಚೆ ಮಾಸ್ತರರ ಕಿವಿಯ ತುದಿ ಕೊಯ್ದೆ. ಸಣ್ಣ ಗಾಯ. ಆದರೆ ಕಿವಿಯ ರಕ್ತ ನಿಲ್ಲುವುದಿಲ್ಲ, ಬಿಳಿ ಬಟ್ಟೆಯೆಲ್ಲ ಕೆಂಪು. ಅವರು ಕಣ್ಣು ಬಿಟ್ಟು ನನ್ನನ್ನೇ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. ಅಂದಿನಿಂದ ಯಾರ ಕಣ್ಣು ತೆರೆದಿದ್ದರೂ ನನ್ನ ಮಣಿಕಟ್ಟು ನಡುಗುತ್ತಿತ್ತು.

ಮಂಗಳವಾರ ಉಶಿಯೊ-ಸಾನ್ ಬಂದು ಕೂತರು.

“ಕಿವಿ ಕೊಯ್ದ್ಯಂತೆ?”

“ಹ್ಞೂಂ.”

“ಎರಡು ಕೊಟ್ಟಿದಾನಲ್ಲ ದೇವರು. ಬಾ, ಕೆಲಸ ನೋಡು. ನಾನಂತೂ ಮಲಗ್ತೀನಿ.”

ಗೊರಕೆ ಶುರುವಾಯಿತು. ಕಣ್ಣು ಮುಚ್ಚಿದ ಮುಖ ನೋಡಿ ಕೈ ಸ್ವಲ್ಪ ಹಿಡಿತಕ್ಕೆ ಬಂತು. ಅವತ್ತು ಒಂದು ಗುಟ್ಟು ತಿಳಿಯಿತು. ಅವರ ಗೊರಕೆ ಒಳಗೆ ಎಳೆದು, ಹೊರಗೆ ಬಿಟ್ಟು, ಆಮೇಲೆ ಒಂದು ಗಳಿಗೆ ನಿಲ್ಲುತ್ತಿತ್ತು. ಆ ಗಳಿಗೆಯಲ್ಲಿ ಗಂಟಲು ಅಲುಗುವುದಿಲ್ಲ. ಆಗ ಸುಳಿಯ ಮೇಲೆ ಕತ್ತಿ ಎಳೆಯಬೇಕು, ಉಸಿರು ತಿರುಗುವಷ್ಟರಲ್ಲಿ ಎತ್ತಬೇಕು. ಎಂಟು ಮಂಗಳವಾರ ನಾನು ಆ ಗೊರಕೆಯ ತಾಳಕ್ಕೇ ಕೆಲಸವನ್ನು ಮತ್ತೆ ಕಲಿತೆ.

ಫೆಬ್ರವರಿಯಲ್ಲಿ ಪರೀಕ್ಷೆ. ನನ್ನ ಜೊತೆ ಬರಲು ಒಪ್ಪಿದ ಉಶಿಯೊ-ಸಾನ್ ಮೂರು ದಿನದ ಗಡ್ಡ ಬಿಟ್ಟುಕೊಂಡು ಬಂದರು. ಕಾರ್ಖಾನೆಯವರು ರೈಲು ನಿಲ್ದಾಣದ ತನಕ ಹಿಂದೆ ಬಂದು “ಮದುವಣಿಗ ಹೊರಟ ನೋಡ್ರೋ, ಗಡ್ಡ ಕೊಡೋಕೆ ಹೊರಟ!” ಎಂದು ಕೂಗಿದರು. ಸಮುದ್ರದ ಪಕ್ಕದಲ್ಲೇ ಮೂರು ಗಂಟೆಯ ದಾರಿ. ನನ್ನ ಮಡಿಲಲ್ಲಿ ಕತ್ತಿ, ಬಟ್ಟಲು, ಬ್ರಷ್ಷಿನ ಗಂಟು. ಅತ್ತೆ ಕಟ್ಟಿಕೊಟ್ಟ ಅನ್ನದುಂಡೆ ನಾನು ಮುಟ್ಟಲಿಲ್ಲ, ಅವರು ನಾಲ್ಕನ್ನೂ ತಿಂದರು.

ಪರೀಕ್ಷೆಯ ಹಾಲ್ ಐಸ್ ಕಾರ್ಖಾನೆಯ ಹಾಗಿತ್ತು. ಹೊರಗೆ ಹಿಮ. ಬಕೆಟ್ಟಿನ ಬಿಸಿನೀರು ನಮ್ಮ ಸಾಲಿಗೆ ಬರುವಷ್ಟರಲ್ಲಿ ಉಗುರು ಬೆಚ್ಚಗೆ. ಪಕ್ಕದ ಹುಡುಗರು ಆಗಲೇ ಕತ್ತಿ ಎತ್ತಿದ್ದರು. ನಾನು ಇನ್ನೂ ಬಟ್ಟಲು ತಿರುಗಿಸುತ್ತಿದ್ದೆ. ಹೊತ್ತು ಹೋಗುತ್ತಿದೆ ಎಂದು ಗೊತ್ತಿತ್ತು. ಆದರೂ ತೋಫು ಆಗದೆ ಆ ತಂತಿಯ ಮೇಲೆ ಕತ್ತಿ ಇಡಲಾರೆ. ಬ್ರಷ್ಷು ನಿಂತಿತು. ಹಚ್ಚಿ, ಉಜ್ಜಿ, ಮತ್ತೆ ಹಚ್ಚಿದೆ. ಗೊರಕೆ ಶುರುವಾಯಿತು. ನನಗೆ ಹೋದ ಜೀವ ಬಂದ ಹಾಗಾಯಿತು. ಕೆನ್ನೆ ಎರಡೂ ಮುಗಿಸಿದೆ. ಇನ್ನು ಗಂಟಲು.

ಆಗ ಬಿಳಿ ಕೋಟಿನ ಪರೀಕ್ಷಕರು ನಮ್ಮ ಮುಂದೆ ನಿಂತರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

“ಈ ಗೊರಕೆ ನಿಲ್ಲಿಸಿ. ಬೇರೆಯವರಿಗೆ ತೊಂದ್ರೆ.”

ಎಬ್ಬಿಸೋಣವೆಂದು ನಾನು ಭುಜಕ್ಕೆ ಕೈ ಚಾಚಿದೆ. ಕೈ ಇನ್ನೂ ಮುಟ್ಟಿರಲಿಲ್ಲ. ಪರೀಕ್ಷಕರ ಮಾತು ಮುಗಿದದ್ದೇ ಗೊರಕೆ ನಿಂತುಹೋಯಿತು, ದೀಪ ಆರಿಸಿದ ಹಾಗೆ.

ನಾನು ಹಾಗೆಯೇ ನಿಂತೆ. ಈ ಮನುಷ್ಯ ಎಚ್ಚರವಾಗಿದ್ದಾರೆ. ಮೈಮೇಲೆ ಹೊದಿಸಿದ ಬಟ್ಟೆಯ ಅಂಚಿನಿಂದ ಅವರ ಕೈ ಕಾಣುತ್ತಿತ್ತು. ಕುರ್ಚಿಯ ತೋಳನ್ನು ಹಿಡಿದ ಬೆರಳ ಗಿಣ್ಣುಗಳು ಬೆಳ್ಳಗಾಗಿದ್ದವು. ಎಚ್ಚರ ಇರುವುದಷ್ಟೇ ಅಲ್ಲ, ಹೆದರಿದ್ದಾರೆ. ಇವತ್ತು ಮಾತ್ರವೋ, ಎಲ್ಲ ಮಂಗಳವಾರವೋ? ಗೊರಕೆಯಿಲ್ಲದೆ ಆ ಸುಳಿಗೆ ಹೇಗೆ ಇಳಿಯಲಿ?

ಅಷ್ಟರಲ್ಲಿ ಒಂದು ಬೆರಳು ಮೇಲೆದ್ದಿತು. ತೋರುಬೆರಳು. ಉಸಿರು ಎಳೆದಾಗ ಮೇಲೆ, ಬಿಟ್ಟಾಗ ಕೆಳಗೆ, ಕುರ್ಚಿಗೆ ತಾಗಿ ನಿಂತಿತು. ನಿಂತ ಗಳಿಗೆ. ಮತ್ತೆ ಮೇಲೆ. ಕಣ್ಣು ಮುಚ್ಚಿಯೇ ಇತ್ತು, ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಬೆರಳು ನಿಂತಾಗ ಕತ್ತಿ ಎಳೆದೆ. ಎತ್ತಿದೆ. ಮತ್ತೆ ನಿಂತಿತು, ಮತ್ತೆ ಎಳೆದೆ. ಎಷ್ಟು ಸಲ ಎಂದು ಎಣಿಸಿದವರು ಯಾರು.

ಪರೀಕ್ಷಕರು ಬಂದು ಹತ್ತಿಯ ಎಳೆಯೊಂದನ್ನು ಗಂಟಲ ಮೇಲೆ ಎಳೆದರು. ಕೂದಲಿಗೆ ಸಿಕ್ಕಿಕೊಂಡರೆ ಅಂಕ ಕಡಿಮೆ. ಸಿಕ್ಕಲಿಲ್ಲ. ಸುಳಿಯ ಮೇಲೆ ಎರಡನೇ ಸಲ ಎಳೆದರು. ಸಿಕ್ಕಲಿಲ್ಲ. ರಕ್ತವೂ ಇಲ್ಲ. ಅವರು ಬಗ್ಗಿ ಉಶಿಯೊ-ಸಾನ್ ಮುಖ ನೋಡಿ, “ಇಂಥ ಗಡ್ಡಾನ ಯಾಕಮ್ಮ ತಂದೆ? ಸುಲಭದ್ದು ಸಿಗಲಿಲ್ವಾ?” ಎಂದರು. ಪುಸ್ತಕದಲ್ಲಿ ಏನೋ ಬರೆದುಕೊಂಡು ಮುಂದೆ ಹೋದರು. ನಾನು ಬಕೆಟ್ಟಿನ ಪಕ್ಕದಲ್ಲೇ ನೆಲಕ್ಕೆ ಕೂತುಬಿಟ್ಟೆ. ಅಳು ಬಂತು ಎಂದರೆ ಸುಳ್ಳು. ಹಸಿವಾಯಿತು. ಬೆಳಗಿನಿಂದ ಏನೂ ತಿಂದಿಲ್ಲ ಎಂಬುದು ಅಲ್ಲಿ, ಆ ನೆಲದ ಮೇಲೆ, ನೆನಪಾಯಿತು.

ವಾಪಸು ಬರುವ ರೈಲಿನಲ್ಲಿ ಬಿಸಿ ನೂಡಲ್ಸ್ ತಿಂದ ಹೊಟ್ಟೆಯಲ್ಲಿ ಅವರು ಕಿಟಕಿಗೆ ತಲೆ ಕೊಟ್ಟು ಮಲಗಿದರು. ಬಾಯಿ ಸ್ವಲ್ಪ ತೆರೆದಿತ್ತು. ಟಿಕೆಟ್ ಕೇಳಲು ಬಂದವನು ಕೂಗಿದರೂ ಏಳಲಿಲ್ಲ. ಗೊರಕೆ? ಒಂದು ಸದ್ದಿಲ್ಲ. ನಿಜವಾದ ನಿದ್ದೆಯಲ್ಲಿ ಆ ಮನುಷ್ಯ ಮಗುವಿನ ಹಾಗೆ ಮಲಗುತ್ತಿದ್ದರು.

ಇಳಿಯುವ ಹೊತ್ತಿಗೆ ಕೇಳಿಯೇಬಿಟ್ಟೆ. “ಉಶಿಯೊ-ಸಾನ್, ಇಷ್ಟು ವರ್ಷ ನಾಟಕಾನಾ?”

ಅವರು ಬೂಟಿನ ದಾರ ಕಟ್ಟುತ್ತಾ ತಲೆ ಎತ್ತಲಿಲ್ಲ. “ಕಣ್ಣು ಬಿಟ್ಕೊಂಡಿದ್ರೆ ಕಲಿಯೋವ್ರು ನನ್ನ ಕಣ್ಣು ನೋಡ್ತಾರೆ, ಕತ್ತಿ ನೋಡಲ್ಲ. ಅದಕ್ಕೆ.”

“ಅಷ್ಟು ಭಯ ಇದ್ರೆ ಯಾಕೆ ಬರ್ತಿದ್ರಿ?”

“ಅಯ್ಯೋ, ನಿನಗೇನು ಗೊತ್ತು! ಒಂದು ದಿನ ಐಸಲ್ಲಿ ನಿಂತು ನೋಡು, ಆಮೇಲೆ ಆ ಬಿಸಿಬಟ್ಟೆ ಮುಖದ ಮೇಲೆ ಹಾಕ್ಕೊ. ಕತ್ತಿ ಹಿಡಿದು ಯಮನೇ ನಿಂತಿದ್ರೂ ಬರ್ತೀಯ. ಯೋಕಿಚಿಗೆ ಹೇಳ್ಬೇಡ, ಪಾಪ.”

ಹೇಳಲಿಲ್ಲ. ನಮ್ಮ ಯಜಮಾನರು ಸಾಯುವ ತನಕ “ಹದಿನಾರಕ್ಕೇ ಎಬ್ಬಿಸಲಿಲ್ಲ” ಎನ್ನುತ್ತಲೇ ಇದ್ದರು, ನಾನು ಹ್ಞೂಂ ಎನ್ನುತ್ತಲೇ ಇದ್ದೆ. ಅತ್ತೆಗೆ ಮಾತ್ರ ಹೇಳಿದೆ. ಅವರು ಮೂಲಂಗಿ ಹೆಚ್ಚುತ್ತಾ, “ಅವನ ಹೆಂಡ್ತಿ ಮದುವೆಯಾದ ವರ್ಷಾನೇ ಹೇಳಿದ್ಲು, ಮನೇಲಿ ಮಲಗಿದ್ರೆ ಉಸಿರಿದೆಯೋ ಇಲ್ವೋ ಅಂತ ಮುಟ್ಟಿ ನೋಡ್ಬೇಕು ಅಂತ,” ಎಂದರು.

ಪರವಾನಗಿ ಅಂಚೆಯಲ್ಲಿ ಬಂತು. ತಂದುಕೊಟ್ಟವರು ಅದೇ ಅಂಚೆ ಮಾಸ್ತರರು, ಕಿವಿ ಮುಚ್ಚಿಕೊಂಡು ನಗುತ್ತಾ. ಗಾಜು ಹಾಕಿಸಿ ಕನ್ನಡಿಯ ಮೇಲೆ ತೂಗುಹಾಕಿದೆವು. ಮೀನು ವ್ಯಾಪಾರಿ ಅಳೆಯುವುದನ್ನು ಬಿಟ್ಟು ಗಡ್ಡ ತೆಗೆಸಿಕೊಳ್ಳಲು ಬಂದ. ಮಂಗಳವಾರ ಉಶಿಯೊ-ಸಾನ್ ಬಾಗಿಲಲ್ಲಿ ನಿಂತು ಅದನ್ನು ನೋಡಿ, ಮೊದಲ ಸಲ ನನ್ನನ್ನು ಸೊಸೆಮ್ಮ ಎನ್ನಲಿಲ್ಲ.

“ಯಜಮಾನ್ತೀ, ನೀರು ಕಾದಿದೆಯಾ?”

ಅಂಗಡಿ ಉಳಿಯಿತು. ಇಪ್ಪತ್ತಾರು ವರ್ಷ ನಾನು ಅದನ್ನು ನಡೆಸಿದೆ, ನಡುವೆ ನಾಲ್ವರಿಗೆ ಕಲಿಸಿದೆ. ನಾಲ್ವರೂ ಕಲಿತದ್ದು ಆ ಮುಖದ ಮೇಲೆ, ಆ ಗೊರಕೆಗೆ. ನಾನು ಪಕ್ಕದಲ್ಲಿ ನಿಂತು ಕಲಿಯುವವರ ಕೈ ನೋಡುತ್ತಿರಲಿಲ್ಲ, ಬಟ್ಟೆಯ ಅಂಚಿನಲ್ಲಿ ಉಶಿಯೊ-ಸಾನ್ ಗಿಣ್ಣು ನೋಡುತ್ತಿದ್ದೆ. ಬೆಳ್ಳಗಾಗುವುದು ನಿಂತ ದಿನ ಕಲಿಕೆ ಮುಗಿಯಿತು ಎಂದು ಲೆಕ್ಕ.

ಐಸ್ ಕಾರ್ಖಾನೆ ಮುಚ್ಚಿದ ಮೇಲೂ, ಹೆಂಡತಿ ತೀರಿಕೊಂಡ ಮೇಲೂ ಅವರು ಮಂಗಳವಾರ ತಪ್ಪಿಸಲಿಲ್ಲ. ಎಂಬತ್ತೊಂದು ತುಂಬಿತ್ತು. ತಂತಿ ಬೆಳ್ಳಗಾಗಿ, ಮೆತ್ತಗಾಗಿ, ರೇಷ್ಮೆದಾರದ ಹಾಗಾಗಿತ್ತು. ಸುಳಿ ಮಾತ್ರ ಹಾಗೆಯೇ ಇತ್ತು. ವರ್ಷದ ಕೊನೆಯ ಮಂಗಳವಾರ ಕೋಲೂರಿ ಬಂದು ಕೂತರು. ಬೂಟು ನಾನೇ ಬಿಚ್ಚಿದೆ. ಬಿಸಿಬಟ್ಟೆ ಹಾಕಿದೆ, ನೊರೆ ಹಚ್ಚಿದೆ. ಎದೆಯಿಂದ ಆ ಹಳೆಯ ಸದ್ದು ಬಂತು. ಆಮೇಲೆ ಸುಮ್ಮನಾದರು.

“ಏನಿವತ್ತು, ಗೊರಕೆನೇ ಇಲ್ಲ?” ಎಂದೆ.

“ನಿನಗೆ ಇನ್ನೂ ಬೇಕಾ?”

ಅವರ ಕೈ ನೋಡಿದೆ. ಕುರ್ಚಿಯ ತೋಳಿನ ಮೇಲೆ ಅಂಗೈ ಮೇಲಾಗಿ, ಸಡಿಲವಾಗಿ, ಬೆಕ್ಕು ಮಲಗಿದ ಹಾಗೆ ಬಿದ್ದಿತ್ತು.

“ಬೇಡಪ್ಪಾ.”

“ಹಾಗಾದ್ರೆ ನಿಜವಾಗ್ಲೂ ಮಲಗ್ತೀನಿ, ಯಜಮಾನ್ತೀ,” ಎಂದರು ನೊರೆಯೊಳಗಿಂದ. “ಮುಗಿದ್ಮೇಲೂ ಎಬ್ಬಿಸ್ಬೇಡ. ಇನ್ನೊಂದು ಬಿಸಿಬಟ್ಟೆ ಹಾಕು. ಯಾರಾದ್ರೂ ಬಂದ್ರೆ, ಸ್ವಲ್ಪ ಕೂರೋಕೆ ಹೇಳು.”