ಲಗಮಪ್ಪನ ಗಾಳಿಗೂ ಜಗ್ಗದ ಪೆಟ್ಟಿಗೆ

ದಾಂಡೇಲಿಯ ದಿಲಶಾದಳನ್ನು ಯಾರಾದರೂ ‘ಮಿಕ್ಸರ್ ರಿಪೇರಿಯವಳು’ ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಮಿಕ್ಸರ್ ರಿಪೇರಿ ಮಾಡುತ್ತಾಳೆ, ನಿಜ. ಟಿವಿ, ಇನ್ವರ್ಟರ್, ಕಿರಾಣಿ ಅಂಗಡಿಯ ತೂಕದ ಯಂತ್ರ, ಯಾವುದನ್ನೂ ಒಲ್ಲೆ ಎನ್ನುವುದಿಲ್ಲ. ಜೊಯಿಡಾದ ಬಸ್ಸಿನಲ್ಲಿ ಅವಳ ಅಂಗಡಿಗೆ ಕೆಟ್ಟ ಸಾಮಾನು ಬರುತ್ತದೆ, ಮರುದಿನದ ಬಸ್ಸಿನಲ್ಲಿ ರಿಪೇರಿಯಾಗಿ ಹೋಗುತ್ತದೆ. ಆದರೆ ಹಳಿಯಾಳದ ನಮ್ಮ ಶೆಡ್ಡಿನಲ್ಲಿ ಅವಳು ಕೂರಿಸಿದ ಪೆಟ್ಟಿಗೆಯನ್ನು ಕಂಡವರು ಅವಳನ್ನು ಹಾಗೆ ಕರೆಯಲಾರರು. ಅದರ ಕಥೆಯನ್ನೇ ಹೇಳುತ್ತೇನೆ. ಹೊಗಳಿಕೆ ಸ್ವಲ್ಪ ಜಾಸ್ತಿಯಾದರೆ ಆಗಲಿ, ಗೆಳತಿಯ ವಿಷಯದಲ್ಲಿ ನಾನು ಜಿಪುಣಿಯಲ್ಲ.

ನಾನು ಸುಮಿತಾ. ನನ್ನ ಮಾವ ದ್ಯಾಮಪ್ಪನವರಿಗೆ ಹಳಿಯಾಳದಲ್ಲಿ ಕಟ್ಟಿಗೆ ಕೊಯ್ಯುವ ಮಿಲ್ಲಿದೆ. ಅದಕ್ಕೆ ಅಂಟಿಕೊಂಡೇ ಹಲಗೆ ಒಣಗಿಸುವ ಕೋಣೆ ಇದೆ. ಹಸಿ ಹಲಗೆಯನ್ನು ಬಿಸಿ ಗಾಳಿಯಲ್ಲಿ ವಾರಗಟ್ಟಲೆ ನಿಧಾನವಾಗಿ ಒಣಗಿಸಬೇಕು. ಅವಸರ ಮಾಡಿದರೆ ಸೀಳುತ್ತದೆ, ಅಲಕ್ಷ್ಯ ಮಾಡಿದರೆ ಬೂಷ್ಟು ಹಿಡಿಯುತ್ತದೆ. ಬಿಸಿಯನ್ನು ಹಿಡಿತದಲ್ಲಿಡುತ್ತಿದ್ದ ಹಳೆಯ ಯಂತ್ರ ಹೋದ ವರ್ಷ ಸುಟ್ಟುಹೋಯಿತು. ರಿಪೇರಿಗೆಂದು ಬಂದ ದಿಲಶಾದ ಅದರ ಹೊಟ್ಟೆ ಬಿಚ್ಚಿ ನೋಡಿ, ಮತ್ತೆ ಮುಚ್ಚಿದಳು.

“ಇದರಾಗ ಜೀವ ಇಲ್ಲ ಕಾಕಾ. ಹೊಸದು ನಾನಽ ಮಾಡಿ ಕೊಡ್ತೇನಿ.”

ಮಾವ ನಕ್ಕುಬಿಟ್ಟರು. “ರಿಪೇರಿ ಮಾಡೂದು ಬ್ಯಾರೆ, ಮಷೀನ ಮಾಡೂದು ಬ್ಯಾರೆ ಐತಿ ತಂಗಿ.”

ಈ ಮಾತನ್ನು ಅವಳು ಹುಟ್ಟಿದಾಗಿನಿಂದ ಕೇಳಿದ್ದಾಳೆ. ಅವಳ ಅಪ್ಪ ಮಲಿಕಸಾಬ ಕಾಗದದ ಮಿಲ್ಲಿನಲ್ಲಿ ಶಿಫ್ಟಿನ ಮೇಲೆ ಮೀಟರುಗಳನ್ನು ಸರಿಮಾಡುತ್ತಿದ್ದವರು. ಇಡೀ ಜೀವಮಾನ ಬೇರೆಯವರು ಮಾಡಿದ್ದನ್ನೇ ಸರಿಮಾಡಿ ನಿವೃತ್ತರಾದರು. ಮಗಳು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಹುಬ್ಬಳ್ಳಿಯಲ್ಲಿ ಕಾರ್ಖಾನೆಗಳಿಗೆ ವಿದ್ಯುತ್ ಪ್ಯಾನೆಲ್ ಕಟ್ಟುವ ಕಡೆ ಸೇರಿದಳು. ಅಲ್ಲಿಯೂ ಇನ್ನೊಬ್ಬರ ನಕ್ಷೆಗೆ ತಂತಿ ಜೋಡಿಸುವ ಕೆಲಸ. ಊರಿಗೆ ಬಂದು ಅಂಗಡಿ ತೆರೆದದ್ದೇ ಒಂದು ಸ್ವಂತ ಯಂತ್ರ ಮಾಡಬೇಕೆಂದು, ಆದರೆ ಜನ ಮಿಕ್ಸರ್ ತಂದಿಟ್ಟು ಹೋದರು. ಆದ್ದರಿಂದ ಆ ದಿನ ಮಾವ ನಕ್ಕಾಗ ಅವಳು ನಗಲಿಲ್ಲ. ನಾನು ನಡುವೆ ಬಾಯಿ ಹಾಕಿ, “ಒಂದ ಸಲ ಮಾಡಿ ನೋಡ್ಲಿ ಬಿಡ್ರಿ ಮಾವಾರ” ಎಂದೆ.

ಮಾವ ಒಪ್ಪಿದರು, ಆದರೆ ಷರತ್ತು ಹಾಕಿದರು. ಜೊಯಿಡಾ ತಾಲೂಕಿನ ಒಂದು ಶಾಲೆಯ ಬಾಗಿಲು ಕಿಟಕಿಗೆಂದು ಒಳ್ಳೆಯ ಸಾಗುವಾನಿ ಬಂದು ಬಿದ್ದಿತ್ತು. “ಮೊದಲ ಚೂರಪಾರ ಹಲಗಿ ಹಾಕಿ ನೋಡೂಣು. ಆಮ್ಯಾಲೆ ಸಾಲಿ ಕಟ್ಟಿಗಿ. ಅದು ಸೀಳ್ತು ಅಂದ್ರ ನಿನ್ನ ಪೆಟ್ಟಿಗಿ ತಗೊಂಡ ಹೋಗು, ಮುಂದ ರಿಪೇರಿಗಷ್ಟಽ ಬಾ.” ಒಂದೇ ಅವಕಾಶ ಎಂಬುದು ಅವಳಿಗೂ ಗೊತ್ತಾಯಿತು, ನನಗೂ ಗೊತ್ತಾಯಿತು.

ಅವಳ ಯಂತ್ರದ ಮಿದುಳು ಅಂಗೈಯಷ್ಟು ದೊಡ್ಡ ಬೋರ್ಡು, ಅದರೊಳಗೆ ಅದನ್ನು ನಡೆಸುವ ಲಿನಕ್ಸ್ ಎಂಬ ಸಾಫ್ಟ್‌ವೇರು. ಕಂಪ್ಯೂಟರೇ, ಆದರೆ ಒಂದೇ ಕೆಲಸಕ್ಕೆ ಕಟ್ಟಿಹಾಕಿದ್ದು. ಕೋಣೆಯ ಮೇಲಿನ ಬಿಸಿ, ಕೆಳಗಿನ ಬಿಸಿ, ಹಲಗೆಯ ತೇವ ಇವನ್ನೆಲ್ಲ ಓದಬೇಕು, ಫ್ಯಾನು ತಿರುಗಿಸಬೇಕು, ಹವೆಯ ಕಿಂಡಿ ತೆರೆಯಬೇಕು. ಇಷ್ಟಕ್ಕೆಲ್ಲ ಆ ಬೋರ್ಡಿನಲ್ಲಿ ಜಾಗವಿರಲಿಲ್ಲ. ಹೆಚ್ಚಿನ ಕಾರ್ಡುಗಳನ್ನು ಸೇರಿಸಬೇಕು, ಯಾವ ದಾರಿಯಿಂದ ಸೇರಿಸುವುದು ಎಂಬುದೇ ಪ್ರಶ್ನೆ. ನಮ್ಮ ಆಫೀಸಿನ ಮೇಜಿನ ಮೇಲೆ ಅವಳು ನನಗೆ ಮೂರು ನಮೂನೆ ಹರವಿ ತೋರಿಸಿದಳು.

“ಇದು ಯುಎಸ್‌ಬಿ. ಎಲ್ಲಿ ಬೇಕಂದ್ರ ಅಲ್ಲಿ ಸಿಗತೈತಿ, ಚುಚ್ಚಿದ ಕೂಡ್ಲೆ ಕೆಲಸ ಚಾಲೂ. ಇದು ದೊಡ್ಡ ಕಂಪ್ಯೂಟರಿನ್ಯಾಗ ನಿಲ್ಲಸೂ ಕಾರ್ಡ, ಭಾಳ ಜೋರು. ಆದ್ರ ಎತ್ತರ ಭಾಳ, ಫ್ಯಾನ ಬೇಕು. ಫ್ಯಾನ ಇಟ್ರ ಗರಗಸದ ಹೊಟ್ಟು ಎಳಕೊಂತೈತಿ.”

“ಇದು?” ಎಂದು ಮೂರನೆಯದನ್ನು ಮುಟ್ಟಿದೆ. ರೊಟ್ಟಿಗಳ ಹಾಗೆ ಒಂದರ ಮೇಲೊಂದು ಕೂರುವ ಪುಟ್ಟ ಕಾರ್ಡುಗಳು. ಸಾಲು ಪಿನ್ನು ಒಂದರಿಂದ ಇನ್ನೊಂದಕ್ಕೆ ತೂರಿ ಹೋಗುತ್ತಿತ್ತು, ಮೂಲೆ ಮೂಲೆಗೂ ಸ್ಕ್ರೂ.

“ಹಳೇ ಕಾಲದ್ದು ಅಕ್ಕಾ. ನಿಧಾನ. ತರಸಾಕೂ ತ್ರಾಸ.”

ಮಾವ ಹೊರಗಿನಿಂದಲೇ ಕೂಗಿದರು, “ಲಗೂನ ಆಗೂದು ಹಾಕ ತಂಗಿ!” ಅವಳು ಯುಎಸ್‌ಬಿಯನ್ನೇ ಹಾಕಿದಳು. ಚೂರುಪಾರು ಹಲಗೆ ತುಂಬಿ ಯಂತ್ರ ಹಚ್ಚಿದೆವು. ಪರದೆಯ ಮೇಲೆ ಅಂಕಿಗಳು ಮಿನುಗಿದಾಗ ನಾನು ಮಲಿಕಸಾಬರಿಗೆ ತೋರಿಸಲೆಂದು ವಿಡಿಯೊ ಕಾಲ್ ಮಾಡಿದೆ, ಅವರು ಚಷ್ಮಾ ಹುಡುಕುವಷ್ಟರಲ್ಲಿ ಕರೆಂಟೇ ಹೋಯಿತು.

ಕೆಲವು ದಿನ ಎಲ್ಲ ಸರಿಯಿತ್ತು. ಒಂದು ಬೆಳಿಗ್ಗೆ ದಿಲಶಾದ ಬಂದವಳೇ ಪರದೆಯ ಮುಂದೆ ನಿಂತುಬಿಟ್ಟಳು. ಕೋಣೆಯ ಮೇಲ್ಭಾಗಕ್ಕಿಂತ ನೆಲದಲ್ಲೇ ಬಿಸಿ ಹೆಚ್ಚು ಎಂದು ಯಂತ್ರ ಹೇಳುತ್ತಿತ್ತು. ಬಿಸಿ ಗಾಳಿ ಮೇಲಕ್ಕೆ ಹೋಗುತ್ತದೆಂದು ಒಲೆ ಹಚ್ಚಿದವರಿಗೆಲ್ಲ ಗೊತ್ತು. ಮೇಲಿನ ಬಿಸಿ ಓದುವ ಕಾರ್ಡಿನ ಹೆಸರು ಕೆಳಗಿನದನ್ನು ಓದುವ ಕಾರ್ಡಿಗೆ, ಕೆಳಗಿನದರ ಹೆಸರು ಮೇಲಿನದಕ್ಕೆ ಹೋಗಿಬಿಟ್ಟಿತ್ತು. ಮೇಲೆ ತಣ್ಣಗಿದೆ ಎಂದು ನಂಬಿ ಯಂತ್ರ ಅಲ್ಲಿಗೇ ಬಿಸಿ ಊದಿ ಊದಿ, ಮೇಲಿನ ಹಲಗೆಗಳೆಲ್ಲ ಸೀಳಿದ್ದವು.

“ನಾ ಹೇಳಿದ್ನಿಲ್ಲ?” ಎಂದರು ಮಾವ. ಗೆದ್ದ ದನಿಯಲ್ಲಿ ಈ ಮಾತು ಹೇಳುವುದರಲ್ಲಿ ಅವರಿಗೆ ಸರಿಸಾಟಿಯಿಲ್ಲ. ನನಗೆ ಅಳುವೇ ಬಂತು. ದಿಲಶಾದ ಮಾತ್ರ, “ಸಂಜೀತನಕ ಇಲ್ಲೇ ಕುಂದರ್ತೇನಿ” ಎಂದು ಮೂಲೆಯಲ್ಲಿ ಕುರ್ಚಿ ಎಳೆದುಕೊಂಡಳು.

ಸಂಜೆ ಗರಗಸ ನಿಂತಿತು. ಮಿಲ್ಲಿನ ಹಳೆಯ ಆಳು ಲಗಮಪ್ಪ ಕಂಪ್ರೆಸರಿನ ಗಾಳಿ ಪೈಪು ಹಿಡಿದ. ನಮ್ಮ ಕಡೆಯ ಕಟ್ಟಿಗೆ ಮಿಲ್ಲುಗಳಲ್ಲಿ ಕೆಲಸ ಮುಗಿಯುವುದೇ ಹೀಗೆ. ಮೊದಲು ತನ್ನ ತಲೆ, ಅಂಗಿ, ಕಿವಿಯ ಸಂದಿಗೆ ಗಾಳಿ ಹೊಡೆದುಕೊಂಡು ಹೊಟ್ಟು ಹಾರಿಸಬೇಕು, ಆಮೇಲೆ ಗರಗಸಕ್ಕೆ, ಮೋಟಾರಿಗೆ, ಸಿಕ್ಕ ಸಿಕ್ಕದ್ದಕ್ಕೆಲ್ಲ. ಲಗಮಪ್ಪ ಕೊನೆಗೆ ಹೊಸ ಪೆಟ್ಟಿಗೆಯ ಹತ್ತಿರ ಬಂದ, ಮುಚ್ಚಳ ತೆರೆದ, ಒಳಗೆ ಪೈಪು ತೂರಿಸಿ ಭುಸ್ ಎಂದು ಬಿಟ್ಟ. ಪರದೆಯ ಅಂಕಿಗಳು ಮಾಯವಾದವು. ಸ್ವಲ್ಪ ಹೊತ್ತಿಗೆ ಮರಳಿ ಬಂದವು. ಯುಎಸ್‌ಬಿಯ ಮೂತಿಗಳು ಗಾಳಿಗೆ ಅಲುಗಿ ಬಿಟ್ಟು ಹಿಡಿದಿದ್ದವು, ಮೊದಲು ಬಂದ ಕಾರ್ಡಿಗೆ ಲಿನಕ್ಸ್ ಮೊದಲ ಹೆಸರು ಕೊಟ್ಟು ಕೂತಿತ್ತು.

ಮಾವ ಹಾರಿಬಿದ್ದರು. “ಏ ಲಗಮ್ಯಾ! ಅದರಾಗ್ಯಾಕ ಹೊಡದಿ?”

“ಮತ್ತ ಹೊಡೀಬ್ಯಾಡ ಅಂದ್ರ ಹೆಂಗ್ರಿ ಸಾವಕಾರ್ರ? ದಿನಾ ಹೊಡೀತೇನಿ. ಪಾಪ, ಹೊಸಾ ಮಷೀನ, ಒಳಗ ಹೊಟ್ಟು ಕುಂತ್ರ ಬೆಂಕಿ ಹತ್ತತೈತ್ರಿ” ಎಂದ ಲಗಮಪ್ಪ. ಪ್ರೀತಿಯಿಂದಲೇ ಹೊಡೆದಿದ್ದ, ಅದು ಎಲ್ಲರಿಗೂ ಕಾಣುತ್ತಿತ್ತು.

“ಕೀಲಿ ಹಾಕ್ರಿ ಪೆಟ್ಟಿಗಿಗೆ” ಎಂದೆ ನಾನು.

ದಿಲಶಾದ ತಲೆಯಾಡಿಸಿದಳು. “ಬ್ಯಾಡ ಅಕ್ಕಾ. ಲಗಮಪ್ಪಣ್ಣ ಹೇಳೂದು ಖರೇನಽ ಐತಿ, ಹೊಟ್ಟು ಒಳಗ ಉಳೀಬಾರ್ದು. ಗಾಳಿ ಹೊಡಿಯೂದು ಈ ಮಿಲ್ಲಿನ ಪದ್ಧತಿ. ನಾ ಬಂದು ಅದನ್ನ ಬಿಡಸಿದ್ರ ಮಷೀನ ನನಗ ಬೇಕಾದಂಗ ಆಕ್ಕೈತಿ, ನಿಮಗ ಬೇಕಾದಂಗ ಆಗೂದಿಲ್ಲ.”

ಯಾವ ತೂತಿಗೆ ಚುಚ್ಚಿದ ಕಾರ್ಡಿಗೆ ಯಾವ ಹೆಸರು ಎಂದು ಲಿನಕ್ಸಿಗೆ ಖಾಯಂ ನಿಯಮ ಬರೆದುಕೊಡಬಹುದು. ಅದು ಅವಳಿಗೆ ಗೊತ್ತಿತ್ತು, ಆಗಲೇ ಬರೆದೂ ಮುಗಿಸಿದಳು. ಆದರೆ ಸಮಾಧಾನವಾಗಲಿಲ್ಲ. ಹೆಸರು ಗಟ್ಟಿಯಾಯಿತು, ಅಲುಗುವ ಮೂತಿ ಗಟ್ಟಿಯಾಗಲಿಲ್ಲವಲ್ಲ ಎಂದಳು. ನಿಧಾನವೆಂದು ಬದಿಗಿಟ್ಟಿದ್ದ, ಒಂದರ ಮೇಲೊಂದು ಕೂರುವ ಕಾರ್ಡುಗಳನ್ನು ಮತ್ತೆ ಎಳೆದುಕೊಂಡಳು.

“ಅದು ನಿಧಾನ ಅಂದಿದ್ಯಲ್ಲ?”

“ಹಲಗಿ ಒಣಗಾಕ ವಾರಗಟ್ಲೆ ಬೇಕು. ಯಾರಿಗೆ ಅವಸರ ಐತಿ ಅಕ್ಕಾ ಇಲ್ಲೆ? ನಾ ಜೋರು ನೋಡಕೊಂತ ಕುಂತೆ, ನೋಡಬೇಕಾದ್ದು ಹಿಡಿತ.”

ಅಲ್ಲಿಂದ ಅವಳು ಹಟಕ್ಕೆ ಬಿದ್ದಳು. ನೋಡಲು ಚೆಂದವಿದ್ದ ಒಂದು ಕಾರ್ಡನ್ನು ಮಾರುವವನ ಕೈಗೇ ವಾಪಸ್ಸು ಕೊಟ್ಟಳು. ಅದನ್ನು ಓದುವ ಡ್ರೈವರ್ ಎಂಬ ಸಾಫ್ಟ್‌ವೇರನ್ನು ಯಾವುದೋ ಹಳೆಯ ಲಿನಕ್ಸಿಗೆ ಮಾತ್ರ ಸಿದ್ಧ ಮಾಡಿಟ್ಟಿದ್ದು, ಅದರ ಒಳಗಿನ ಕೋಡನ್ನು ಕಂಪನಿಯವರು ಕೊಡುವುದಿಲ್ಲವಂತೆ. ನಾಳೆ ಲಿನಕ್ಸ್ ಬದಲಾದರೆ ಕಾರ್ಡು ಮೂಕವಾಗುತ್ತದೆ ಎಂಬುದು ಅವಳ ತಕರಾರು. ಡ್ರೈವರ್ ಲಿನಕ್ಸಿನೊಳಗೇ ಇರುವ ಕಾರ್ಡು ಸಿಗುವವರೆಗೂ ಕಾಯ್ದಳು, ಮಾವನ ಗೊಣಗಾಟವನ್ನೂ ಸಹಿಸಿದಳು. ಬಂದ ಮೇಲೆ ವಾರ್ನಿಷಿನಂಥ ತೆಳುವಾದ ಲೇಪ ಹಚ್ಚಿ ಒಣಗಿಸಿ, ಒಂದರ ಮೇಲೊಂದು ಕೂರಿಸಿ ಸ್ಕ್ರೂ ಬಿಗಿದಳು. ಫ್ಯಾನಿಲ್ಲ, ನೇತಾಡುವ ತಂತಿಯಿಲ್ಲ. ತಂತಿಗಳ ತುದಿಯೆಲ್ಲ ಸ್ಕ್ರೂವಿನ ಕೆಳಗೆ.

ಶಾಲೆಯ ಸಾಗುವಾನಿ ಕೋಣೆಗೆ ಹೋಯಿತು. ಮೊದಲ ದಿನದ ಸಂಜೆ ಗರಗಸ ನಿಂತಾಗ ಅವಳು ಮಾಡಿದ್ದನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಪೆಟ್ಟಿಗೆಯ ಮುಚ್ಚಳ ತಾನೇ ತೆರೆದು ನಿಂತಳು.

“ಬರ್ರಿ ಲಗಮಪ್ಪಣ್ಣ. ಹೊಡೀರಿ.”

ಲಗಮಪ್ಪ ಮಾವನ ಮುಖ ನೋಡಿದ. ಮಾವ ನನ್ನ ಮುಖ ನೋಡಿದರು. ಒಳಗೆ ಶಾಲೆಯ ಕಟ್ಟಿಗೆ ಬೇಯುತ್ತಿತ್ತು, ಅವಳ ಮುಂದಿನ ಬದುಕೆಲ್ಲ ಆ ಪೆಟ್ಟಿಗೆಯಲ್ಲಿತ್ತು, ಇವಳಿಗೆ ತಲೆ ಕೆಟ್ಟಿದೆಯೇ ಎಂದುಕೊಂಡೆ.

“ದಿನಾ ಹೆಂಗ ಹೊಡೀತೀರಿ ಹಂಗಽ ಹೊಡೀರಿ. ಕೈ ಹಿಡೀಬ್ಯಾಡ್ರಿ.”

ಲಗಮಪ್ಪ ಪೈಪು ತೂರಿಸಿದ. ಭುಸ್ ಎಂದಿತು, ಹೊಟ್ಟು ಮುಖಕ್ಕೆಲ್ಲ ಹಾರಿತು. ಪರದೆಯ ಅಂಕಿಗಳು ಇದ್ದಲ್ಲೇ ಇದ್ದವು. ಇನ್ನೊಮ್ಮೆ ಹೊಡೆಸಿದಳು. ಮೇಲಿನದು ಮೇಲೆ, ಕೆಳಗಿನದು ಕೆಳಗೆ. ಮಾವ ಚಹಾ ತರಿಸಿದರು, ಅವಳದಕ್ಕೆ ಸಕ್ಕರೆ ಜಾಸ್ತಿ ಹಾಕಲು ಹೇಳಿದರು.

ಕೋಣೆ ತೆರೆದ ದಿನ ಮಲಿಕಸಾಬರೂ ದಾಂಡೇಲಿಯಿಂದ ಬಂದಿದ್ದರು. ಮಾವ ಒಂದೊಂದೇ ಹಲಗೆ ಎತ್ತಿ ತುದಿ ನೋಡಿದರು, ಬೆರಳಿನಿಂದ ತಟ್ಟಿದರು, ಬೆಳಕಿಗೆ ಹಿಡಿದರು. ತಪ್ಪು ಹುಡುಕಲೆಂದೇ ಹುಟ್ಟಿದ ಮನುಷ್ಯ ಅವರು. ಕೊನೆಯ ಹಲಗೆಯನ್ನೂ ಇಟ್ಟ ಮೇಲೆ ಮಲಿಕಸಾಬರ ಕಡೆ ತಿರುಗಿ, “ಸಾಬರ, ಒಂದೂ ಸೀಳಿಲ್ರಿ” ಎಂದರು. ಆ ಹಿರಿಯರು ಮಗಳ ಯಂತ್ರದ ಮೇಲೆ ಅಂಗೈ ಇಟ್ಟು ಹಾಗೇ ನಿಂತರು. ಅವರ ಕಣ್ಣು ತುಂಬಿತ್ತು, ನನ್ನವೂ ತುಂಬಿದ್ದವು, ನಾಚಿಕೆಯೇನಿಲ್ಲ.

ಮಾವ ಅಲ್ಲೇ ನಿಂತು ಮುಂಡಗೋಡಿನ ತಮ್ಮ ಗೆಳೆಯರೊಬ್ಬರಿಗೆ ಫೋನು ಹಚ್ಚಿದರು. ಅವರ ಮಿಲ್ಲಿನಲ್ಲೂ ಇಂಥದೇ ಕೋಣೆಯಿದೆ. “ಏ, ಹಳೇ ಮಷೀನ ತಗದ ಒಗಿ. ಮಷೀನ ಮಾಡಾಕಿ ಒಬ್ಬಾಕಿ ನಮ್ಮಲ್ಲೇ ಅದಾಳ. ತಗೊ, ಆಕೀ ಕೂಡನಽ ಮಾತಾಡು.”

ಫೋನು ಅವಳ ಕೈಗೆ ಬಂತು. ಆ ಕಡೆಯವರು ಜೋರು ದನಿಯವರು, ಪಕ್ಕದಲ್ಲಿದ್ದ ನನಗೂ ಕೇಳಿಸಿತು: ನಮಗೂ ಅದೇ ಕಾರ್ಡು, ಅದೇ ಪೆಟ್ಟಿಗೆ ಕೂರಿಸಿಬಿಡು, ಯಾವಾಗ ಕೊಡ್ತಿ?

“ಅದಽ ಕಾರ್ಡ ಅಂತ ಈಗಽ ಹೆಂಗ ಹೇಳ್ಲಿ ಕಾಕಾ?” ಎಂದಳು ದಿಲಶಾದ. “ಮೊದಲ ನಾ ಬಂದು ಒಂದಿನ ನಿಮ್ಮ ಮಿಲ್ಲಿನ್ಯಾಗ ಸುಮ್ಮನ ಕುಂದರ್ತೇನಿ. ನಿಮ್ಮ ಮಂದಿ ಹೆಂಗ ಕೆಲಸ ಮಾಡ್ತಾರ ನೋಡ್ತೇನಿ. ಅವರು ಹೇಳ್ತಾರ ನನಗ, ಯಾವ ಕಾರ್ಡ ಹಾಕಬೇಕಂತ.”