ಮೂಲೆ ಬಿಟ್ಟ ಕೌದಿ

ಮಾವಶಿಯ ಕೌದಿ ಅಪಶಕುನದ್ದು ಎಂದು ಹೇಳುವವರು ಈ ಓಣಿಯಲ್ಲಿ ಇವತ್ತಿಗೂ ಇದ್ದಾರೆ. ಸುಳ್ಳು. ಆ ಕೌದಿಯಲ್ಲಿ ಕೆಟ್ಟದ್ದು ಏನೂ ಇರಲಿಲ್ಲ. ಕೆಟ್ಟದ್ದು ನನ್ನ ಬಾಯಲ್ಲಿತ್ತು. ಮಕ್ಕಳು ಹೊಲಿಗೆ ಬಿಟ್ಟದ್ದು, ಮಾವಶಿ ಮನೆ ಬಿಟ್ಟದ್ದು, ಎರಡೂ ಅದರಿಂದಲೇ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಬರೆಯುವುದು ಸುಲಭ.

ಮೊನ್ನೆ ರಾಯಬಾಗದಿಂದ ಒಬ್ಬ ಹೆಣ್ಣುಮಗಳು ಬಸ್ಸಿನಲ್ಲಿ ಬಂದು ನಮ್ಮ ಬಾಗಿಲಲ್ಲಿ ನಿಂತಳು. ಕಂಕುಳಲ್ಲಿ ಹಳೆಯ ಧೋತರದಲ್ಲಿ ಕಟ್ಟಿದ ಗಂಟು. ಮಾವಶಿಯ ಅಣ್ಣನ ಮಗಳಂತೆ. ನಾನು ಗಂಟು ಬಿಚ್ಚಿದ ಕೂಡಲೇ ತಂಬಾಕಿನ ವಾಸನೆ ಎದ್ದಿತು. ನಮ್ಮ ಮನೆಯಲ್ಲಿ ತಂಬಾಕು ಮುಟ್ಟುವವರು ಯಾರೂ ಇಲ್ಲ. ಅದು ಯಾರ ವಾಸನೆ ಎಂದು ಮೊದಲು ಮೂಗಿಗೆ ತಿಳಿಯಿತು, ಆಮೇಲೆ ನನಗೆ...

ನಾನಿರುವುದು ಚಿಕ್ಕೋಡಿಯ ಹಳೆಯ ಓಣಿಯೊಂದರಲ್ಲಿ. ಇಪ್ಪತ್ತು ವರ್ಷದ ಹಿಂದೆ ಮಾವಶಿ ನಮ್ಮ ಎದುರು ಮನೆಯವಳು. ಸಣ್ಣವರು, ದೊಡ್ಡವರು, ಎಲ್ಲರೂ ಅವಳನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದೆವು. ನಿಪ್ಪಾಣಿ ಕಡೆಯ ಹೆಣ್ಣು. ಗಂಡ ಬೇಗ ಹೋಗಿದ್ದ, ಮಕ್ಕಳಾಗಿರಲಿಲ್ಲ. ಬೀಡಿ ಕಟ್ಟಿ ಹೊಟ್ಟೆ ಹೊರೆಯುತ್ತಿದ್ದಳು. ಬೀಡಿ ಕೆಲಸ ಇಲ್ಲದ ಹೊತ್ತಿನಲ್ಲಿ ಹಳೆಯ ಬಟ್ಟೆ ಕೂಡಿಸಿ ಕೌದಿ ಹೊಲಿಯುತ್ತಿದ್ದಳು. ಎಷ್ಟು ತೊಳೆದರೂ ಅವಳ ಬೆರಳಿನ ತುದಿ ಕಂದು ಬಣ್ಣವೇ. ಅವಳು ಹೊಲಿದ ಕೌದಿಗಳಿಗೂ ಅದೇ ವಾಸನೆ. ಎರಡು ಒಗೆತ ಆದ ಮೇಲೆ ಹೋಗುತ್ತಿತ್ತು.

ಬೇಸಿಗೆಯ ಸೂಟಿಯಲ್ಲಿ ಓಣಿಯ ಮಕ್ಕಳೆಲ್ಲ ಅವಳ ಕಟ್ಟೆಗೆ ಸೇರುತ್ತಿದ್ದವು. ಮೊದಮೊದಲು ಆಟಕ್ಕೆ ಬಂದವು. ಆಮೇಲೆ ಅವಳು ಹೊಲಿಗೆ ಕಲಿಸತೊಡಗಿದಳು. ಇನ್ನೂ ಹಲ್ಲು ಬೀಳುವ ವಯಸ್ಸಿನ ಮಕ್ಕಳು. ಬಟ್ಟೆ ಕೊಟ್ಟರೆ ಕೆಡಿಸುತ್ತವೆ ಎಂದು ಅವುಗಳ ಕೈಗೆ ಮೊದಲು ಬೀಡಿ ಎಲೆ ಕೊಡುತ್ತಿದ್ದಳು, ಹರಿದು ಕಡೆಗೆ ಬಿದ್ದ ಎಲೆ. ಅದರ ಮೇಲೆ ಸಾಲಾಗಿ ಟಾಕಾ ಹಾಕಬೇಕು. ಕೈ ಭಾರವಾದರೆ ಎಲೆ ಸೀಳುತ್ತದೆ. ಎಲೆ ಸೀಳದ ಹಾಗೆ ಒಂದು ಸಾಲು ಮುಗಿಸಿದವರಿಗೆ ಮಾತ್ರ ಬಟ್ಟೆ.

ನಾನು ಅಕ್ಕಿ ಆರಿಸುತ್ತ ನಮ್ಮ ಹೊಸ್ತಿಲಲ್ಲಿ ಕೂತರೆ ಅವಳ ಮಾತೆಲ್ಲ ಕೇಳುತ್ತಿತ್ತು.

“ಏ, ಎಲಿ ಹೊಲ್ಯಾಕತ್ತೀಯೋ, ಎಮ್ಮಿಗಿ ಮೂಗುದಾಣ ಹಾಕಾಕತ್ತೀಯೋ?”

“ಮಾವಶೀ, ಬೆರಳಿಗಿ ಚುಚ್ಚಿಕೊಂಡೆ.”

“ಚುಚ್ಚಲಿ ಬಿಡು. ಸೂಜಿಗಿ ನಿನ್ನ ಗುರ್ತು ಆಗಬೇಕಲ್ಲ.”

ಸಾಲು ಸೊಟ್ಟಗೆ ಬಂದರೆ ಅವಳು ತಾನಾಗಿ ತಿದ್ದುತ್ತಿರಲಿಲ್ಲ. “ಬಿಚ್ಚು, ಮತ್ತ ಹಾಕು. ಬಟ್ಟಿ ಏನ ಸಿಟ್ಟಾಗಂಗಿಲ್ಲ” ಎನ್ನುತ್ತಿದ್ದಳು. ದಾರದ ಗಂಟು ಬಟ್ಟೆಯ ಒಳಗೆ ಹೋಗಬೇಕು, ಹೊರಗೆ ಕಂಡರೆ ಹೊದ್ದವರಿಗೆ ಚುಚ್ಚುತ್ತದೆ. ಇವೆರಡು ಅವಳ ದೊಡ್ಡ ಪಾಠ.

ನಮ್ಮ ಮೊಮ್ಮಗಳೂ ಹೋಗುತ್ತಿದ್ದಳು. ನನಗೆ ಅದರಲ್ಲಿ ಹೆಚ್ಚಿನ ಸಂತೋಷವೇನೂ ಇರಲಿಲ್ಲ. ಮಧ್ಯಾಹ್ನ ಹುಡುಗಿಯ ಗದ್ದಲ ತಪ್ಪಿತು, ಅಷ್ಟೇ ಲೆಕ್ಕ. ನಾನು ನಾಲ್ಕನೆಯ ಇಯತ್ತೆಗೇ ಸಾಲೆ ಬಿಟ್ಟವಳು. ಮಕ್ಕಳಿಗೆ ಏನು ಕಲಿಸಬೇಕು, ಏನು ಬಿಡಬೇಕು ಎಂದು ಯೋಚಿಸುವ ಅಭ್ಯಾಸ ನನಗಿಲ್ಲ.

ಆ ವರ್ಷ ಮಾವಶಿ ಮಕ್ಕಳ ಕೈಯಿಂದಲೇ ಒಂದು ಸಣ್ಣ ಕೌದಿ ಮಾಡಿಸಲು ಹೊರಟಳು. ಪ್ರತಿ ಮಗು ತನ್ನ ಮನೆಯ ಹಳೆಯ ಬಟ್ಟೆಯ ಒಂದು ತುಂಡು ತರಬೇಕು, ತಾನೇ ಅದನ್ನು ಕೂಡಿಸಬೇಕು. ತಂದ ಬಟ್ಟೆ ತೊಳೆದದ್ದಾಗಿರಬೇಕು, ಬದುಕಿರುವವರದಾಗಿರಬೇಕು. ಸತ್ತವರ ಬಟ್ಟೆಯನ್ನು ನಮ್ಮ ಕಡೆ ಮಕ್ಕಳ ಕೌದಿಗೆ ಹಾಕುವುದಿಲ್ಲ. ಇನ್ನೊಂದು ಪದ್ಧತಿಯೂ ಉಂಟು. ಕೌದಿ ಪೂರ್ತಿ ಹೊಲಿದು ಒಂದು ಮೂಲೆಯನ್ನು ಮಾತ್ರ ಬಿಡುತ್ತಾರೆ. ಆ ಮೂಲೆಯೊಳಗೆ ಒಂದು ಚೂರು ಹೋಳಿಗೆಯನ್ನೋ ರೊಟ್ಟಿಯನ್ನೋ ಇಟ್ಟು ಆಮೇಲೆ ಮುಚ್ಚುತ್ತಾರೆ. ಕೌದಿಯ ಹೊಟ್ಟೆ ತುಂಬುವುದು ಎನ್ನುತ್ತೇವೆ. ಹಸಿದ ಕೌದಿಯನ್ನು ಯಾರಿಗೂ ಹೊದಿಸಬಾರದು.

ಹೊಟ್ಟೆ ತುಂಬುವ ದಿನ ಮಾವಶಿ ತಾಯಂದಿರನ್ನೆಲ್ಲ ಕರೆದಿದ್ದಳು. ನಾನೂ ಒಂದು ಚೂರು ಹೋಳಿಗೆ ಮುಷ್ಟಿಯಲ್ಲಿ ಹಿಡಿದುಕೊಂಡು ಹೋದೆ. ನಮ್ಮ ನೆಗೆಣ್ಣಿ, ಅಂದರೆ ನನ್ನ ಮೈದುನನ ಹೆಂಡತಿ, ನನ್ನ ಜೊತೆಗಿದ್ದಳು. ಕಟ್ಟೆಯ ಮೇಲೆ ಕೌದಿ ಹಾಸಿತ್ತು. ಮಕ್ಕಳು ಸುತ್ತ ಕೂತು ತಮ್ಮ ತಮ್ಮ ತುಂಡನ್ನು ತೋರಿಸುತ್ತಿದ್ದವು. ಮೊಮ್ಮಗಳು ನನ್ನ ಸೆರಗು ಹಿಡಿದು ಎಳೆದಳು.

“ಆಯೀ, ನಮ್ಮದು ನಟ್ಟನಡು ಐತಿ ನೋಡ.”

ನೋಡಿದೆ. ಹಸಿರು ಖಣದ ತುಂಡು, ಅಂಚಿಗೆ ಕೆಂಪು ಗೋಟು.

ನನ್ನ ಚೊಚ್ಚಲು ಕೂಸಿನ ಕುಂಚಿಗೆ ಅದು. ತಲೆಗೂ ಬೆನ್ನಿಗೂ ಸೇರಿ ಹಾಕುವ ಕೂಸಿನ ಟೋಪಿ. ಆ ಕೂಸು ಒಂದು ಚಳಿಗಾಲ ಬದುಕಿತ್ತು. ಹೋದಾಗ ಅದರ ಬಟ್ಟೆಯೆಲ್ಲ ಅದರ ಜೊತೆಗೇ ಮಣ್ಣಿಗೆ ಹೋಗಬೇಕು, ಹೋಯಿತು ಎಂದೇ ಮನೆಯವರು ತಿಳಿದಿದ್ದರು. ಕುಂಚಿಗೆಯೊಂದನ್ನು ನಾನು ಸೀರೆಯೊಳಗೆ ತುರುಕಿಕೊಂಡಿದ್ದೆ. ಆಮೇಲೆ ಟ್ರಂಕಿನ ತಳದಲ್ಲಿಟ್ಟೆ. ಗಂಡನಿಗೆ ಗೊತ್ತಿರಲಿಲ್ಲ, ಅತ್ತೆಗೆ ಗೊತ್ತಿರಲಿಲ್ಲ. ಮುಂದೆ ಮತ್ತೆ ಮಕ್ಕಳಾದವು, ಮೊಮ್ಮಕ್ಕಳಾದವು. ನಾನು ಟ್ರಂಕಿನ ತಳಕ್ಕೆ ಕೈ ಹಾಕುವುದನ್ನೂ ಬಿಟ್ಟಿದ್ದೆ.

ನೆಗೆಣ್ಣಿ ಬಗ್ಗಿ ಆ ತುಂಡನ್ನು ಬೆರಳಿನಿಂದ ಸವರಿದಳು.

“ಇದು ನಾ ಹೊಲದಿದ್ದ ಕುಂಚಗಿ ಅಲ್ಲೇನ? ಕೂಸಿನ ಜೋಡಿ ಮಣ್ಣಾಗ ಹೋಗಿತ್ತಲ್ಲ?”

ಎಲ್ಲರೂ ನನ್ನ ಕಡೆ ತಿರುಗಿದರು. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಯಾರಾದರೂ ನನ್ನನ್ನೇ ಕೇಳುತ್ತಿದ್ದರು. ಕೇಳುವ ಮೊದಲೇ ನಾನು ಮಾವಶಿಯ ಮೇಲೆ ಬಿದ್ದೆ. ಅಲ್ಲಿಯವರೆಗೆ ಅವಳಿಗೆ ‘ಬರ್ರಿ, ಕೂಡ್ರಿ’ ಎಂದೇ ಮಾತಾಡಿದವಳು ನಾನು.

“ಯಾರ ಬಟ್ಟಿ ಅಂತ ಕೇಳಾಕ ಬಾಯಿ ಇರಲಿಲ್ಲೇನ ನಿನಗ? ಸತ್ತ ಕೂಸಿನ ಬಟ್ಟಿ ಓಣೀ ಮಕ್ಕಳ ಕೌದ್ಯಾಗ ಹಾಕಿಸೀದಿ! ಒಂದರೆ ಹಡದಿದ್ರ ತಿಳೀತಿತ್ತು ನಿನಗ.”

ಅಂದೆ. ಅಷ್ಟು ಹೆಂಗಸರ ಮುಂದೆ, ಅಷ್ಟು ಮಕ್ಕಳ ಮುಂದೆ, ಅವಳದೇ ಕಟ್ಟೆಯ ಮೇಲೆ ನಿಂತು ಅಂದೆ.

ಮಾವಶಿ ನನ್ನ ಮುಖ ನೋಡಿದಳು. ಆಮೇಲೆ ಮೊಮ್ಮಗಳ ಮುಖ ನೋಡಿದಳು. ಹುಡುಗಿ ಏನೋ ಹೇಳಲು ಬಾಯಿ ತೆರೆದಿದ್ದಳು. ಮಾವಶಿ ಅವಳ ತಲೆಯ ಮೇಲೆ ಕೈಯಿಟ್ಟು, “ಹೌದವ್ವ, ನನಗ ತಿಳೀಲಿಲ್ಲ” ಎಂದು ನನಗೆ ಹೇಳಿದಳು.

ಹುಡುಗಿಯ ರಟ್ಟೆ ಹಿಡಿದು ಮನೆಗೆ ಎಳೆದುಕೊಂಡು ಬಂದೆ. ಒಳಗೆ ಬಂದ ಮೇಲೆ ಅವಳು ಬಿಕ್ಕುತ್ತ ಹೇಳಿದಳು. “ಮಾವಶಿ ಕೇಳಿದ್ಲು ಆಯೀ. ಯಾರದು, ಇದ್ದಾರೋ ಹೋಗ್ಯಾರೋ ಅಂತ ಕೇಳಿದ್ಲು. ನಿನ್ನ ಟ್ರಂಕಿನ್ಯಾಗ ಸಿಕ್ಕಿತ್ತಲ್ಲ, ಅದಕ್ಕ ನಮ್ಮ ಆಯೀದು, ಇದ್ದಾಳ, ಅಂತ ನಾ ಹೇಳಿದೆ.”

“ಬಾಯಿ ಮುಚ್ಚು” ಎಂದೆ.

ಅಂದರೆ ನನಗೆ ಅದೇ ದಿನ ಗೊತ್ತಾಗಿತ್ತು. ತಿಳಿಯದೆ ಆಡಿದೆ ಎಂದು ಹೇಳಿಕೊಳ್ಳಲು ನನಗೆ ದಾರಿಯಿಲ್ಲ. ಆಡಿದ್ದು ಸಿಟ್ಟಿನಲ್ಲಿ ಎಂದಿಟ್ಟುಕೊಂಡರೂ, ಸುಮ್ಮನಿದ್ದದ್ದು ಸಿಟ್ಟಿನಲ್ಲಿ ಅಲ್ಲ. ಎದುರು ಮನೆ. ನಡುವೆ ಒಂದು ಗಟಾರ. ದಾಟಿ ಹೋಗಿ ನಿಜ ಹೇಳಿದರೆ, ಮಣ್ಣಿಗೆ ಹೋಗಬೇಕಾದದ್ದನ್ನು ನಾನು ಬಚ್ಚಿಟ್ಟದ್ದನ್ನೂ ಹೇಳಬೇಕಾಗುತ್ತಿತ್ತು. ನೆಗೆಣ್ಣಿಗೆ ಮಾತ್ರ ಕೇಳುವ ಆಸೆಯಿತ್ತು. ನನ್ನ ಮುಖ ನೋಡಿ ಸುಮ್ಮನಾದಳು. ಅವಳು ಓಣಿಯಲ್ಲಿ ಏನು ಹೇಳಿದಳೋ... ಒಟ್ಟಿನಲ್ಲಿ ತಪ್ಪು ಮಾವಶಿಯ ಕೊರಳಿಗೇ ಬಿತ್ತು.

ಒಂದೊಂದೇ ಮನೆಯವರು ಮಕ್ಕಳನ್ನು ಕಳಿಸುವುದು ಬಿಟ್ಟರು. ಒಬ್ಬರ ಮಗುವಿಗೆ ಜ್ವರ ಬಂತು, ಅದೂ ಕೌದಿಯ ತಲೆಗೆ. ಬೇಸಿಗೆಯಲ್ಲಿ ಮಕ್ಕಳಿಗೆ ಜ್ವರ ಬರುವುದಿಲ್ಲವೇ? ಆ ಮಾತನ್ನೂ ನಾನು ಆಗ ಆಡಲಿಲ್ಲ. ಮಾವಶಿ ದಿನಾ ಮಧ್ಯಾಹ್ನ ಕಟ್ಟೆ ಗುಡಿಸಿ, ಬೀಡಿ ಎಲೆ ತುಂಬಿದ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದಳು. ಯಾರೂ ಬರುತ್ತಿರಲಿಲ್ಲ. ನಮ್ಮ ಮೊಮ್ಮಗಳು ಕಿಟಕಿಯಲ್ಲಿ ನಿಂತು ನೋಡುವುದು, ನಾನು ಕಿಟಕಿ ಮುಚ್ಚುವುದು.

ಒಂದು ದಿನ ಅವಳೇ ನಮ್ಮ ಬಾಗಿಲಿಗೆ ಬಂದಳು. ಒಳಗೆ ಬರಲಿಲ್ಲ. ಮೆಟ್ಟಿಲ ಕೆಳಗೇ ನಿಂತು, ಪಕ್ಕದ ಮನೆಗೆ ಕೇಳದ ಹಾಗೆ ಮೆಲ್ಲಗೆ ಹೇಳಿದಳು.

“ಮೂಲಿ ಹಂಗ ಬಿಟ್ಟೀನಿ, ತಂಗಿ. ನೀನಽ ಬಂದು ಒಂದು ತುತ್ತು ಹಾಕು. ನಿನ್ನ ಕೈಲೇ ಆಗಬೇಕು ಅದು.”

ಅವಳಿಗೆ ಎಲ್ಲ ತಿಳಿದಿತ್ತು. ಕುಂಚಿಗೆ ಟ್ರಂಕಿಗೆ ಹೇಗೆ ಬಂತು, ನಾನು ಯಾಕೆ ಚೀರಿದೆ, ಎಲ್ಲ. ಹಡೆಯದವಳಿಗೆ ಏನು ತಿಳಿಯುತ್ತದೆ ಎಂದ ನನಗೆ ಅವಳು ಹೇಳಿದ್ದು ಇಷ್ಟೇ ಮಾತು. ಬಯ್ದಿದ್ದರೆ ನಾನೂ ಬಯ್ಯುತ್ತಿದ್ದೆ, ಹೇಗೋ ಮುಗಿದುಹೋಗುತ್ತಿತ್ತು.

“ಒಲಿ ಮ್ಯಾಲ ಹಾಲ ಇಟ್ಟೀನಿ” ಎಂದು ನಾನು ಒಳಗೆ ಹೋದೆ.

ಒಲೆಯ ಮೇಲೆ ಹಾಲು ಇರಲಿಲ್ಲ. ಒಲೆಯೇ ಹೊತ್ತಿರಲಿಲ್ಲ. ಅಡುಗೆ ಮನೆಯಲ್ಲಿ ಸುಮ್ಮನೆ ನಿಂತಿದ್ದೆ. ಅವಳು ಹೋದ ಸಪ್ಪಳ ಕೇಳಿಸುವವರೆಗೂ ನಿಂತಿದ್ದೆ.

ಮಳೆಗಾಲಕ್ಕೆ ಮೊದಲು ಅವಳು ಮನೆ ಖಾಲಿ ಮಾಡಿ ರಾಯಬಾಗದಲ್ಲಿ ನೆಲೆಸಿದ್ದ ಅಣ್ಣನ ಮನೆಗೆ ಹೋದಳು. ಟೆಂಪೋ ಬಂದಾಗ ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಒಗೆದದ್ದನ್ನೇ ಮತ್ತೆ ಒಗೆದೆ. ಕೆಲವು ವರ್ಷಗಳ ನಂತರ ರಾಯಬಾಗದ ಸಂತೆಯಲ್ಲಿ ಒಮ್ಮೆ ಕಂಡಳು. ಬದನೆಕಾಯಿ ಆರಿಸುತ್ತಿದ್ದಳು, ಬೆನ್ನು ಬಾಗಿತ್ತು. ನಾನು ಸೆರಗು ಮುಂದಕ್ಕೆ ಎಳೆದುಕೊಂಡು ಬೇರೆ ಸಾಲಿಗೆ ಹೊರಳಿದೆ. ಅವಳು ನನ್ನನ್ನು ನೋಡಿದಳೋ ಇಲ್ಲವೋ... ನೋಡಿರಬೇಕು.

ಮೊನ್ನೆ ಬಂದ ಹೆಣ್ಣುಮಗಳು ಚಹಾ ಕುಡಿಯುತ್ತ ಹೇಳಿದಳು. “ಅತ್ತಿ ಹೋಗಿ ತಿಂಗಳಾತ್ರಿ. ನಾ ಹೋದ ಮ್ಯಾಲ ಇದನ್ನ ಚಿಕ್ಕೋಡಿಗಿ, ನಮ್ಮ ಎದುರಿನ ಮನಿಗಿ ಮುಟ್ಟಸು ಅಂದಿದ್ರು. ಈ ಕೌದಿ ಯಾರಿಗೂ ಹೊದಿಸಗೊಡಲಿಲ್ಲರಿ. ನಮ್ಮ ತಮ್ಮನ ಕೂಸು ಹುಟ್ಟಿದಾಗ ನಾ ಮೂಲಿ ಹೊಲಿಯಾಕ ಹ್ವಾದ್ರ ಕಸಗೊಂಡ್ರು. ಅದು ಹಸದೈತಿ, ಆಕಿ ಬರೂತನಕ ಮುಟ್ಟಬ್ಯಾಡ ಅಂತಿದ್ರು. ನೀವಽ ಏನರಿ ಆಕಿ?”

“ಹೌದವ್ವ” ಎಂದೆ.

“ಮತ್ತ ಯಾಕ ಬರಲಿಲ್ಲರಿ?”

ಅವಳು ಕೊಂಕಿನಿಂದ ಕೇಳಲಿಲ್ಲ, ನಿಜವಾಗಿ ತಿಳಿದುಕೊಳ್ಳಲು ಕೇಳಿದಳು. ಇನ್ನೊಂದು ಕಪ್ ಚಹಾ ಹಾಕಲೇ ಎಂದು ಕೇಳಿದೆ. ಬೇಡ, ಬಸ್ಸಿಗೆ ಹೊತ್ತಾಗುತ್ತದೆ ಎಂದು ಎದ್ದಳು.

ಅವಳು ಹೋದ ಮೇಲೆ ಕೌದಿ ಹಾಸಿ ನೋಡಿದೆ. ಮಕ್ಕಳ ಟಾಕಾಗಳೆಲ್ಲ ಹಾಗೆಯೇ ಇದ್ದವು, ಕೆಲವು ಇರುವೆಯಷ್ಟು ಸಣ್ಣವು, ಕೆಲವು ಮೊಳೆಯಷ್ಟು ದೊಡ್ಡವು. ನಡುವೆ ಹಸಿರು ಖಣ. ಸುತ್ತಲಿನ ಸಾಲಿನಲ್ಲಿ ಬಿಚ್ಚಿ ಮತ್ತೆ ಹಾಕಿದ ತೂತುಗಳು ಕಾಣುತ್ತಿದ್ದವು. ನಮ್ಮ ಮೊಮ್ಮಗಳ ಕೈ. ತೆರೆದ ಮೂಲೆಯಲ್ಲಿ ಸೂಜಿ ಚುಚ್ಚಿಯೇ ಇತ್ತು. ತುಕ್ಕು ಹಿಡಿದಿತ್ತು. ಅದರಲ್ಲಿ ಪೋಣಿಸಿದ ದಾರ ಮುಟ್ಟಿದ ಕೂಡಲೇ ತುಂಡಾಯಿತು.

ಮೊಮ್ಮಗಳು ಈಗ ಅಥಣಿಯಲ್ಲಿ ಇದ್ದಾಳೆ, ಅವಳಿಗೂ ಒಂದು ಕೂಸಿದೆ. ಅವಳಿಗೆ ಫೋನ್ ಮಾಡಿ ಕೌದಿ ಬಂದದ್ದನ್ನು ಹೇಳಿದೆ. ಕುಂಚಿಗೆಯ ಸಂಗತಿಯನ್ನೂ ಹೇಳಿದೆ, ಯಾರಿಗೂ ಹೇಳದ್ದನ್ನು. “ಮಾವಶಿಗಿ ಹೇಳಬೇಕಿತ್ತು ಆಯೀ, ನನಗಲ್ಲ” ಎಂದಳು. ಸರಿಯಾಗಿಯೇ ಹೇಳಿದಳು.

ಮರುದಿನ ಬೆಳಿಗ್ಗೆ ಎದ್ದು ಬೇಳೆ ಬೇಯಿಸಿ, ಬೆಲ್ಲ ಹಾಕಿ ಹೂರಣ ರುಬ್ಬಿ ಒಂದೇ ಒಂದು ಹೋಳಿಗೆ ಮಾಡಿದೆ. ಕೌದಿಯನ್ನು ನಮ್ಮ ಕಟ್ಟೆಗೆ ತಂದು ಹಾಸಿದೆ, ಓಣಿಯವರೆಲ್ಲ ನೋಡುವ ಹಾಗೆ. ಹೊಸ ಸೂಜಿಗೆ ದಾರ ಪೋಣಿಸಲು ಹೋದರೆ ಕಣ್ಣು ಕಾಣಲಿಲ್ಲ. ಸಾಲೆಗೆ ಹೊರಟಿದ್ದ ಪಕ್ಕದ ಮನೆಯ ಹುಡುಗಿಯನ್ನು ಕರೆದೆ. ಅವಳು ಎಂಜಲು ಹಚ್ಚಿ ಪೋಣಿಸಿ ಕೊಟ್ಟಳು, ಕೊಟ್ಟು ಅಲ್ಲೇ ನಿಂತಳು. ಒಂದು ತುತ್ತು ಮುರಿದು ಮೂಲೆಯೊಳಗೆ ಇಟ್ಟೆ. ಗಂಟು ಒಳಗೆ ಹಾಕಿ ಹೊಲಿದೆ.

ಸಾಲು ಸೊಟ್ಟಗೆ ಬಂದಿತ್ತು. ಹುಡುಗಿ ನೋಡುತ್ತಿದ್ದಳು. ಬಿಚ್ಚಿ ಮತ್ತೆ ಹಾಕಿದೆ.