ಬಾಲದ ಪದಗಳು

ಅಪ್ಪನಿಗೆ ಇಂಗ್ಲಿಷ್ ಪದಗಳ ಬಾಲದ ಹುಚ್ಚು. ವಿಶ್ವವಿದ್ಯಾಲಯದಲ್ಲಿ ಹೇಳುತ್ತಿದ್ದ ಪಾಠ ಸಸ್ಯಶಾಸ್ತ್ರ. ಮನೆಯಲ್ಲಿ ಮಾತ್ರ ಗೋದೌಲಿಯಾ ಪೇಟೆಯ ಫುಟ್‌ಪಾತಿನಲ್ಲಿ ಕೊಂಡ, ರಟ್ಟು ಕಿತ್ತುಹೋದ ಹಳೆಯ ನಿಘಂಟಿನದೇ ದರ್ಬಾರು. ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ‘ಹುಡ್’ ಅಂತಲೋ ‘ಸಮ್’ ಅಂತಲೋ ಒಂದು ಬಾಲ ಕೊಡುತ್ತಿದ್ದರು. ಆ ಬಾಲವಿರುವ ಪದಗಳನ್ನು ಸರದಿಯ ಮೇಲೆ ಅರ್ಥಸಹಿತ ಹೇಳಬೇಕು. ಈಗ ಯಾರೂ ಬಳಸದ ಹಳೆಯ ಅರ್ಥ ಹೇಳಿದರೆ ಶಹಭಾಸ್. ಪದ ಮುಗಿದವರು ಸೋತಂತೆ. ನನಗೆ ಹದಿಮೂರು ವರ್ಷ, ಸೋತು ಗೊತ್ತಿರಲಿಲ್ಲ. ಸೋತವರನ್ನು ಅಣಕಿಸುವುದರಲ್ಲೂ ನಾನು ಅಪ್ಪನ ಮಗಳೇ.

ಅಪ್ಪನ ತಂಗಿ, ನನ್ನ ಅತ್ತೆ, ಗಂಡನ ಅಸ್ಥಿ ಬಿಡಲು ಮೈಸೂರಿನಿಂದ ಬಂದವಳು ನಮ್ಮ ಬಂಗಾಲಿ ಟೋಲಾದ ಮನೆಯಲ್ಲೇ ಉಳಿದುಬಿಟ್ಟಿದ್ದಳು. ಆಗ ಅವಳಿಗೆ ಇಪ್ಪತ್ತನಾಲ್ಕು. ಅವಳು ಬಂದ ತಿಂಗಳೇ ಅಮ್ಮ ಪಾತ್ರೆ ತೊಳೆಯುವ ಮಹರಿಯನ್ನು ಬಿಡಿಸಿದ್ದಳು.

ಎರಡು ವರ್ಷ ಕಳೆದ ಮೇಲೆ ಅತ್ತೆ ಇಂಟರ್ ಪರೀಕ್ಷೆಗೆ ಪ್ರೈವೇಟಾಗಿ ಕೂರುತ್ತೇನೆಂದು ಅರ್ಜಿ ತಂದು ಅಪ್ಪನ ಮುಂದಿಟ್ಟಳು. ಅದಕ್ಕೆ ಅವರ ಸಹಿ ಬೇಕಿತ್ತು.

“ಬರೋ ಭಾನುವಾರ ‘ಲಿಂಗ್’ ಬಾಲ. ಪುಟ್ಟೀನ ಸೋಲ್ಸು, ಸೈನ್ ಹಾಕ್ತೀನಿ” ಎಂದರು ಅಪ್ಪ, ನನ್ನತ್ತ ಕೈ ತೋರಿಸಿ. ಸೋಮವಾರವೇ ಅರ್ಜಿಗೆ ಕೊನೆಯ ದಿನ.

ಆ ವಾರವಿಡೀ ಅತ್ತೆ ಹಿಟ್ಟಿನ ಡಬ್ಬಿಗೆ ನಿಘಂಟು ಒರಗಿಸಿಕೊಂಡು ರೊಟ್ಟಿ ಲಟ್ಟಿಸಿದಳು. ಶನಿವಾರ ನನಗೆ ಜಡೆ ಹಾಕುತ್ತಾ, “ಫಾಂಡ್‌ಲಿಂಗ್ ಅಂತ ಒಂದು ಸಿಕ್ತು ಕಣೇ. ಮುದ್ದು ಮಾಡಿಸ್ಕೊಳ್ಳೋ ಮಗು ಅಂತೆ, ಥೇಟ್ ನೀನೇ. ಇದೊಂದನ್ನ ನನಗೆ ಬಿಟ್ಟುಬಿಡು” ಎಂದಳು. ಹೂಂ ಅಂದೆ.

ಅದೇ ಸಂಜೆ ಅಮ್ಮ, “ಅವಳು ಓದೋಕೆ ಕೂತ್ರೆ ಪಾತ್ರೆ ಯಾರು ತೊಳೀತಾರೆ? ನೀನೇ” ಅಂದಳು. ನಾನು ನಿಘಂಟು ತೆಗೆದೆ.

ಭಾನುವಾರ ಅಪ್ಪ ನಡುವೆ, ನಾವಿಬ್ಬರು ಎದುರುಬದುರು. ನಾನು ‘ಹೈರ್‌ಲಿಂಗ್’ ಅಂದೆ, ಕೂಲಿಯಾಳು. ಅವಳು ‘ಸ್ಟ್ರಿಪ್ಲಿಂಗ್’, ಮೀಸೆ ಮೂಡುವ ಹುಡುಗ. ನಾನು ‘ಸ್ಟಾರ್ವ್‌ಲಿಂಗ್’, ಊಟವಿಲ್ಲದೆ ಸೊರಗಿದವಳು ಎನ್ನುತ್ತಾ ಅತ್ತೆಯತ್ತಲೇ ಬೆರಳು ತೋರಿಸಿದೆ. ಅಪ್ಪ ನಕ್ಕರು. ಅತ್ತೆಯೂ ನಕ್ಕಳು, ಪಾಪ. ಸಾರು ಆರಿತು, ಪದಗಳು ತೀರುತ್ತಾ ಬಂದವು. ನನ್ನ ಬಳಿ ಸ್ವಂತದ್ದೊಂದೂ ಉಳಿದಿರಲಿಲ್ಲ. ಅವಳ ಕಣ್ಣಲ್ಲಿ ಗೆಲುವು ಕಾಣಿಸಿಕೊಂಡಿತ್ತು.

“ಫಾಂಡ್‌ಲಿಂಗ್” ಎಂದೆ. “ಮುದ್ದಿನ ಮಗು. ಅದಕ್ಕಿಂತ ಹಳೆಯ ಅರ್ಥ, ಮೂರ್ಖಳು.” ಎರಡನೆಯದನ್ನು ಅವಳ ಮುಖ ನೋಡಿಕೊಂಡೇ ಹೇಳಿದೆ.

“ಶಹಭಾಸ್!” ಅಪ್ಪ ತೊಡೆ ತಟ್ಟಿದರು.

ಅತ್ತೆಯ ಬಳಿ ಉಳಿದಿದ್ದುದು ಅದೊಂದೇ ಪದ. ಅದು ತನ್ನ ಪದವೆಂದು ಅವಳು ಹೇಳಿದ್ದರೆ ಅಪ್ಪ ಬಹುಶಃ ಒಪ್ಪುತ್ತಿದ್ದರು. ಅವಳು ಹೇಳಲಿಲ್ಲ. ಅಪ್ಪ ಅರ್ಜಿಯನ್ನು ಮಡಿಸಿ ನಿಘಂಟಿನೊಳಗೆ ಇಟ್ಟು, “ಮುಂದಿನ ವರ್ಷ ನೋಡೋಣ” ಎಂದು ಕೈ ತೊಳೆಯಲು ಎದ್ದರು.

ನನಗೆ ಆಗ ನಾಚಿಕೆಯಾಗಲಿಲ್ಲ, ಖುಷಿಯಾಯಿತು. ಮುಂದಿನ ವರ್ಷ ಅತ್ತೆ ಕೇಳಲಿಲ್ಲ, ನಾವೂ ನೆನಪಿಸಲಿಲ್ಲ. ನಾನು ಓದಿ ಇಂಗ್ಲಿಷಿನಲ್ಲಿ ಎಂ.ಎ. ಮಾಡಿದೆ. ಅದು ಮುಗಿಯುವವರೆಗೂ ನನ್ನ ತಟ್ಟೆಯನ್ನು ತೊಳೆದವಳು ಅವಳೇ.